ಯಾಣ, ವಿಭೂತಿ, ಗೋಕರ್ಣ: ಕಾಲೇಜು ಗುಂಪಿಗೆ ಎರಡು ದಿನದ ಟ್ರೆಕ್ ಪ್ಯಾಕೇಜ್ ಹೇಗಿದೆ?

ನೇರವಾಗಿ ಹೇಳಿಬಿಡುತ್ತೇನೆ. ಹಗಲಿಗೆ ಕೊಟ್ಟ ದುಡ್ಡು ವಸೂಲ್. ರಾತ್ರಿಗೆ ಕೊಟ್ಟಿದ್ದು ದಂಡ.

ಕಾರವಾರದಲ್ಲಿ ಎಂ.ಎಸ್ಸಿ. ಓದುವ ನಾವು ಮತ್ತು ಧಾರವಾಡದ ಒಂದಷ್ಟು ಗೆಳೆಯರು, ಒಟ್ಟು ಇಪ್ಪತ್ತಕ್ಕೂ ಹೆಚ್ಚು ಜನ, ಜನವರಿಯ ಒಂದು ವಾರಾಂತ್ಯಕ್ಕೆ ಇದನ್ನು ಬುಕ್ ಮಾಡಿದ್ದೆವು. ತಲೆಗೆ 2,200 ರೂಪಾಯಿ. ಶನಿವಾರ ಯಾಣದ ಬಂಡೆ ಶಿಖರಗಳು ಮತ್ತು ವಿಭೂತಿ ಜಲಪಾತ, ರಾತ್ರಿ ಕುಮಟಾ ಕಡಲ ಹತ್ತಿರ ಟೆಂಟು, ಭಾನುವಾರ ಬಾಡದಿಂದ ಗೋಕರ್ಣದವರೆಗೆ ಕಡಲ ದಂಡೆಯಲ್ಲಿ ನಡಿಗೆ. ಊಟ, ತಿಂಡಿ, ವಾಹನ, ಗೈಡ್ ಎಲ್ಲ ಸೇರಿ. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಪ್ಯಾಕೇಜನ್ನು ಹೆಚ್ಚುಕಡಿಮೆ ಇದೇ ರೂಪದಲ್ಲಿ ಎಷ್ಟೋ ಜನ ಮಾರುತ್ತಾರೆ, ಇನ್‌ಸ್ಟಾಗ್ರಾಂನಲ್ಲಿ ಹಾಕುವ ಫೋಟೋಗಳೂ ಅವೇ. ಹಾಗಾಗಿ ಯಾರ ಹತ್ತಿರ ತಗೊಂಡರೂ ಏನು ಕೇಳಬೇಕು, ಯಾವುದಕ್ಕೆ ದುಡ್ಡು ಕೊಡಬಾರದು ಅನ್ನೋದು ಮುಖ್ಯ.

ಬುಕಿಂಗ್ ಎಲ್ಲ ವಾಟ್ಸಾಪ್‌ನಲ್ಲೇ. ಅರ್ಧ ದುಡ್ಡು ಮುಂಗಡ. ರಸೀದಿ ಕೇಳಿದರೆ ಯುಪಿಐ ಸ್ಕ್ರೀನ್‌ಶಾಟೇ ರಸೀದಿ ಎಂದರು. ವಿಮೆ ಇದೆಯಾ ಅಂತ ಕೇಳಿದ್ದಕ್ಕೆ "ಎಲ್ಲಾ ಇದೆ ಬ್ರೋ" ಅಂತ ಉತ್ತರ ಬಂತು. ಯಾವ ಕಂಪನಿಯದು, ಎಷ್ಟಕ್ಕೆ, ಕಾಗದ ಎಲ್ಲಿ ಅಂದಾಗ ಒಂದು ಹೆಬ್ಬೆರಳಿನ ಇಮೋಜಿ. ಕಾಲೇಜಿನಿಂದ ಹೋಗುವವರು ಇಲ್ಲಿ ಸುಮ್ನೆ ಬಿಡಬೇಡಿ. ಪ್ರಿನ್ಸಿಪಾಲರಿಗೆ ಅನುಮತಿ ಪತ್ರ ಬರೆಯುವಾಗ ಇದೇ ಕಾಗದ ಕೇಳುತ್ತಾರೆ, ಆಗ ಇಮೋಜಿ ಅಂಟಿಸೋಕೆ ಆಗೋದಿಲ್ಲ.

ವಾಹನ ತಡವಾಗಿ ಬಂತು. ಕುಮಟಾ ಸ್ಟೇಷನ್ ಹೊರಗೆ ಟೀ ಕುಡಿದು, ಮತ್ತೆ ಟೀ ಕುಡಿದು, ಟೆಂಪೋ ಟ್ರಾವೆಲರ್ ಕಾಣಿಸುವ ಹೊತ್ತಿಗೆ ಬಿಸಿಲು ಏರಿತ್ತು. ಕರಾವಳಿಯಲ್ಲಿ ಜನವರಿಯಲ್ಲೂ ಹತ್ತು ಗಂಟೆ ದಾಟಿದರೆ ಸೆಕೆಯೇ. ವಿಜಯಪುರದ ಗೆಳೆಯನೊಬ್ಬ, ಅವನೂರಿನ ಬಿಸಿಲು ಎಂಥದ್ದು ನಿಮಗೇ ಗೊತ್ತು, ಅವನೇ ಅಂಗಿ ಹಿಂಡುತ್ತಾ "ಲೇ, ಬಿಸಲ ನಮ್ಮೂರಾಗ ಇದಕ್ಕಿಂತ ಜಾಸ್ತಿ ಐತಿ, ಈ ಬೆವರ ಎಲ್ಲಿಂದ ಬರ್ತದಲೇ" ಎನ್ನುತ್ತಿದ್ದ. ಬಯಲುಸೀಮೆಯಿಂದ ಬರುವವರಿಗೆ ಇದನ್ನು ಮೊದಲೇ ಯಾರಾದರೂ ಹೇಳಬೇಕು. ಇಲ್ಲಿ ಸುಸ್ತಾಗುವುದು ಏರಿಗಲ್ಲ, ಬೆವರಿಗೆ. ಗಾಳಿಯಲ್ಲಿ ತೇವ ಇರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬರೀ ನೀರು ಕುಡಿದರೆ ಸಾಲದು, ಉಪ್ಪೂ ಹೋಗಬೇಕು. ಕಂಪನಿಯವರು ಕೊಟ್ಟಿದ್ದು ತಲೆಗೊಂದು ಲೀಟರ್ ಬಾಟಲಿ ಮತ್ತು ಒಂದು ಚಾಕೊಲೇಟು. ಓಆರ್‌ಎಸ್ ಪ್ಯಾಕೆಟ್ಟು ಮೆಡಿಕಲ್ ಶಾಪಿನಿಂದ ನಾವೇ ತಂದೆವು.

ಯಾಣದ ಬಗ್ಗೆ ಹಳೇ ಮಾತೊಂದಿದೆ: ಸೊಕ್ಕಿದ್ದರೆ ಯಾಣ, ರೊಕ್ಕ ಇದ್ದರೆ ಗೋಕರ್ಣ. ಈಗ ಎರಡಕ್ಕೂ ರೊಕ್ಕ ಸಾಕು. ವಾಹನ ಬಂಡೆಗೆ ಸಾಕಷ್ಟು ಹತ್ತಿರದವರೆಗೆ ಹೋಗುತ್ತದೆ, ಅಲ್ಲಿಂದ ಮರದ ನೆರಳಿನ ದಾರಿ, ಕೊನೆಗೆ ಮೆಟ್ಟಿಲು. ಇದನ್ನು "ಡೀಪ್ ಫಾರೆಸ್ಟ್ ಟ್ರೆಕ್" ಎಂದು ಬರೆದು ಮಾರುವುದು ಜಾಸ್ತಿಯಾಯಿತು. ಆದರೆ ಜಾಗದಲ್ಲಿ ತಪ್ಪಿಲ್ಲ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಕಾಡಿನ ನಡುವೆ ನಡೆಯುತ್ತಿದ್ದ ಹಾಗೇ ಮರಗಳ ಹಿಂದೆ ಕಪ್ಪು ಗೋಡೆ ಎದ್ದು ನಿಲ್ಲುತ್ತದೆ, ಮೊಬೈಲು ಎಷ್ಟು ಹಿಂದಕ್ಕೆ ಹಿಡಿದರೂ ಚೌಕಟ್ಟಿನೊಳಗೆ ಬರುವುದಿಲ್ಲ. ಸುಣ್ಣದ ಕಲ್ಲು, ಸಾವಿರಾರು ವರ್ಷ ಮಳೆನೀರು ಕರಗಿಸಿ ಕೊರೆದಿದ್ದು. ಅದಕ್ಕೇ ಅಷ್ಟು ಚೂಪು ಚೂಪು, ಒಳಗೆ ಅಷ್ಟು ಗುಹೆ. ಭಸ್ಮಾಸುರ ತನ್ನ ತಲೆ ಮೇಲೆ ತಾನೇ ಕೈ ಇಟ್ಟು ಬೂದಿಯಾದ ಜಾಗ ಇದು, ಆ ಬೆಂಕಿಗೇ ಕಲ್ಲು ಮಣ್ಣು ಕಪ್ಪಾಯಿತು ಎಂದು ಊರಿನವರು ಹೇಳುತ್ತಾರೆ. ಭೂಗರ್ಭಶಾಸ್ತ್ರ ಓದುವ ಹುಡುಗಿಯೊಬ್ಬಳು ನಮ್ಮ ಜೊತೆ ಇದ್ದಳು, ಎರಡೂ ಕಥೆ ಕೇಳಿ ಬಂಡೆಗೆ ಕೈಮುಗಿದು ಒಂದು ಚೂರು ಕಲ್ಲು ಹುಡುಕಲು ಶುರುಮಾಡಿದಳು. ಒಡೆಯುವಂತಿಲ್ಲ ತಂಗಿ ಎಂದು ಗೈಡ್ ಅಣ್ಣ ಹೇಳಿದ ಮೇಲೆ ಬಿಟ್ಟಳು.

ಈ ಗೈಡ್ ಅಣ್ಣನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಪ್ಯಾಕೇಜಿನಲ್ಲಿ ನಿಜವಾಗಿ ಬೆಲೆ ಬಾಳುವ ವಸ್ತು ಅಂದರೆ ಈ ಮನುಷ್ಯ. ಘಟ್ಟದ ಮೇಲಿನವರು, ತೋಟ ಇದೆ, ವಾರಾಂತ್ಯಕ್ಕೆ ಈ ಕೆಲಸ. ಬಂಡೆಯ ಬುಡಕ್ಕೆ ಬರುವ ಮೊದಲೇ ಎಲ್ಲರನ್ನೂ ನಿಲ್ಲಿಸಿ ಮೇಲೆ ನೋಡಿ ಎಂದರು. ನೂರಡಿ ಎತ್ತರದಲ್ಲಿ ಕಲ್ಲಿನ ಅಂಚಿಗೆ ಹೆಜ್ಜೇನು ತಟ್ಟುಗಳು ಸಾಲಾಗಿ ಜೋತುಬಿದ್ದಿದ್ದವು. ಒಂದು ತಟ್ಟಿನ ಮೇಲ್ಮೈ ಅಲೆ ಹೊಡೆದ ಹಾಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ಮಿರುಗುತ್ತಿತ್ತು. ಹುಳುಗಳು ಸಾಲಾಗಿ ಹಿಂಭಾಗ ಎತ್ತಿ ಇಳಿಸುವುದು ಅದು, ಹತ್ತಿರ ಬರಬೇಡಿ ಅನ್ನುವ ಸೂಚನೆ. ಸ್ಪೀಕರ್ ಹಾಕಬೇಡಿ, ಕಿರುಚಬೇಡಿ, ಸೆಂಟ್ ಹೊಡೆದುಕೊಂಡವರು ಹಿಂದೆ ಇರಿ ಎಂದರು. ನಮ್ಮ ಹಿಂದೆಯೇ ಬಂದ ಇನ್ನೊಂದು ಗುಂಪಿನವರು ಬ್ಲೂಟೂತ್ ಸ್ಪೀಕರ್ ಹಾಕಿಕೊಂಡೇ ಬರುತ್ತಿದ್ದರು. ಅಣ್ಣ ಅವರಿಗೂ ಹೋಗಿ ಹೇಳಿದರು. ಅವರ ಗೈಡ್ ಎಲ್ಲಿ ಅಂತ ನೋಡಿದರೆ, ಅವರಿಗೆ ಗೈಡೇ ಇಲ್ಲ, ಡ್ರೈವರ್ ಮಾತ್ರ.

ಪ್ರದಕ್ಷಿಣೆಗೆ ಚಪ್ಪಲಿ ಬೂಟು ಬಿಟ್ಟು ಹೋಗಬೇಕು. ಶಿಖರದ ಸೀಳಿನೊಳಗೆ ತಂಪು, ಬಾವಲಿ ವಾಸನೆ, ಕಾಲಡಿ ಒದ್ದೆ ಕಲ್ಲು. ಪೂರ್ತಿ ಸುತ್ತಿ ಬನ್ನಿ, ಮುಂದೆ ನಿಂತು ಫೋಟೋ ತೆಗೆದು ವಾಪಸ್ಸಾಗಬೇಡಿ. ಶಿವರಾತ್ರಿಗೆ ಮಾತ್ರ ಕಾಲೇಜು ಗುಂಪು ಕಟ್ಟಿಕೊಂಡು ಹೋಗಬೇಡಿ, ಜಾತ್ರೆ ಜನ ಬಹಳ ಇರುತ್ತಾರೆ.

ಯಾಣದಿಂದ ವಿಭೂತಿಗೆ ಕಾಡೊಳಗೇ ನಡೆದು ಹೋಗುತ್ತೇವೆ ಎಂದು ಪ್ಯಾಕೇಜಿನಲ್ಲಿ ಬರೆದಿತ್ತು. ಹೋಗಲಿಲ್ಲ. ಅರಣ್ಯ ಇಲಾಖೆಯ ಅನುಮತಿಯನ್ನು ಕಂಪನಿಯವರು ತಗೊಂಡೇ ಇರಲಿಲ್ಲ, ಅನುಮತಿ ಇಲ್ಲದೆ ನಾನು ಒಳಗೆ ಕರೆದುಕೊಂಡು ಹೋಗೋದಿಲ್ಲ ಎಂದು ಗೈಡ್ ಅಣ್ಣ ಕಡ್ಡಿ ಮುರಿದ ಹಾಗೆ ಹೇಳಿದರು. ಕೆಲವು ಹುಡುಗರಿಗೆ ಸಿಟ್ಟು ಬಂತು. ನನಗೆ ಅವರ ಮೇಲೆ ಗೌರವ ಜಾಸ್ತಿಯಾಯಿತು, ಕಂಪನಿ ಮೇಲಿನ ನಂಬಿಕೆ ಹೋಯಿತು. 2024ರ ಆರಂಭದಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಂದೇ ಸಲ ಮುಗಿಬಿದ್ದ ಮೇಲೆ ರಾಜ್ಯದಲ್ಲಿ ಚಾರಣಕ್ಕೆ ತಡೆ ಬಿದ್ದಿತ್ತು. ಆಮೇಲೆ ಅರಣ್ಯ ಇಲಾಖೆಯೇ ಅರಣ್ಯ ವಿಹಾರ ಎನ್ನುವ ಜಾಲತಾಣ ಮಾಡಿ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಿ, ಟಿಕೆಟ್ ಕೊಡಲು ಶುರುಮಾಡಿತು. ಹಾಗಾಗಿ ಯಾರಾದರೂ ಕಾಡಿನ ಟ್ರೆಕ್ ಮಾರಿದರೆ ಮೊದಲ ಪ್ರಶ್ನೆ ಇದೇ ಆಗಿರಲಿ: ಅನುಮತಿ ಎಲ್ಲಿದೆ, ತೋರಿಸಿ. ಈ ಭಾಗದ್ದೆಲ್ಲ ಸುಮ್ನೆ ಕಾಡಲ್ಲ. ಅಘನಾಶಿನಿ ಕಣಿವೆಯ ಒಂದು ದೊಡ್ಡ ಭಾಗವನ್ನು ಸಿಂಗಳೀಕಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ.

ಇದೇ ಜಾಗದಲ್ಲಿ ಇನ್ನೊಂದು ವಿಷಯ. ಜನವರಿಯಿಂದ ಮೇವರೆಗೆ ಮಲೆನಾಡಿನ ಕಾಡಿಗೆ ಹೋಗುವವರಿಗೆ ಮಂಗನ ಕಾಯಿಲೆ ಬಗ್ಗೆ ಹೇಳದಿರುವುದು ಅಪರಾಧ ಎಂದೇ ನನ್ನ ಅಭಿಪ್ರಾಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಜ್ವರ ಇದು, ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸಿದ್ದಾಪುರ ಕಡೆ ಈಚಿನ ವರ್ಷಗಳಲ್ಲೂ ಜನ ಸತ್ತಿದ್ದಾರೆ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯಿಂದ. ಮರಿ ಉಣುಗು ಸಾಸಿವೆಗಿಂತಲೂ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ತರಗೆಲೆ ಮೇಲೆ ಕೂರಬೇಡಿ, ಉದ್ದ ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿ, ಮಂಗ ಸತ್ತು ಬಿದ್ದ ಜಾಗದ ಹತ್ತಿರವೂ ಹೋಗಬೇಡಿ, ವಾಪಸ್ ಬಂದ ಕೂಡಲೇ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಉಣುಗು ದೂರ ಇಡಲು ಆರೋಗ್ಯ ಇಲಾಖೆಯವರು ಕಾಯಿಲೆ ಇರುವ ಊರುಗಳಲ್ಲಿ ಎಣ್ಣೆ ಹಂಚುತ್ತಾರೆ. ಕೆಲವು ದಿನ ಬಿಟ್ಟು ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ಹೇಳಲೇಬೇಕು. ಇದೆಲ್ಲ ನಮಗೆ ಕಂಪನಿಯವರು ಹೇಳಿದ್ದಲ್ಲ, ಮಧ್ಯಾಹ್ನ ಊಟ ಹಾಕಿದ ಮನೆಯವರು ಹೇಳಿದ್ದು. ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತಿತು ಅಂತ ಹುಡುಗಿಯರು ಹುಡುಗರು ಎಲ್ಲ ಕಿರುಚಿ ವಿಡಿಯೋ ಮಾಡುತ್ತೇವಲ್ಲ, ಉಂಬಳದಿಂದ ರಕ್ತ ಹೋಗುವುದು ಬಿಟ್ಟರೆ ಬೇರೆ ಭಯವಿಲ್ಲ. ಹೆದರಬೇಕಾದ್ದು ಉಣುಗಿಗೆ.

ಆ ಊಟ! ಅಡಿಕೆ ತೋಟದ ನಡುವಿನ ಮನೆ, ಜಗಲಿಯಲ್ಲಿ ಸಾಲಾಗಿ ಬಾಳೆಲೆ. ಅನ್ನ, ಅಪ್ಪೆಹುಳಿ, ಬಾಳೆಕಾಯಿ ಪಲ್ಯ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ, ಕೊನೆಗೆ ಮಜ್ಜಿಗೆ. ಅಪ್ಪೆಹುಳಿಯನ್ನು ಅನ್ನಕ್ಕೆ ಹಾಕಿಕೊಂಡು ಮುಗಿಸಿ, ಆಮೇಲೆ ಲೋಟದಲ್ಲಿ ಕೇಳಿ ಕುಡಿದವರೇ ಜಾಸ್ತಿ. ಅಪ್ಪೆಮಿಡಿಯ ಹುಳಿ, ಮೇಲೆ ಇಂಗಿನ ಒಗ್ಗರಣೆ, ಒಂದು ಸಣ್ಣ ಮೆಣಸು ಅದರಲ್ಲಿ ತೇಲುತ್ತಿರುತ್ತದೆ, ಅದನ್ನು ಕಚ್ಚಬೇಡಿ. "ಹಾಕ್ಕಳಿ ಹಾಕ್ಕಳಿ, ನೆಡಿಯೋರು ತಿನ್ನವು" ಎಂದು ಮನೆಯ ಅಮ್ಮ ಎರಡನೇ ಸಲ ಅನ್ನ ತಂದಾಗ ಬೇಡ ಎಂದವರು ಯಾರೂ ಇಲ್ಲ. ಹಾಸ್ಟೆಲ್ ಮೆಸ್ಸಿನಲ್ಲಿ ಉಣ್ಣುವ ಜನ ನಾವು, ತಾರತಮ್ಯ ಗೊತ್ತಾಗುತ್ತದೆ. ಊಟಕ್ಕೆ ಐದಕ್ಕೆ ಐದು.

ವಿಭೂತಿ ಜಲಪಾತ ಅಂಕೋಲಾ ತಾಲೂಕಿನ ಅಚವೆ ಕಡೆ. ದೊಡ್ಡದೇನಲ್ಲ, ಉಂಚಳ್ಳಿ ಮಾಗೋಡು ನೋಡಿದವರಿಗೆ ಇಷ್ಟೇನಾ ಅನ್ನಿಸಬಹುದು. ಜನವರಿಯಲ್ಲಿ ನೀರು ಸಣ್ಣಗಿತ್ತು, ಅದೇ ಒಳ್ಳೆಯದು, ಇಳಿಯಬಹುದು. ಇಳಿದೆವು. ತಣ್ಣಗಿತ್ತು. ಮಳೆಗಾಲದಲ್ಲಿ ಅಲ್ಲಿ ಇಳಿಯುವ ಮಾತೇ ಬೇಡ. ಮಳೆಗಾಲದಲ್ಲಿ ಈ ಘಟ್ಟದ ರಸ್ತೆಗಳೇ ನಂಬಿಕೆಯವಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ ಮೇಲೆ ಬಂದಿದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. "ಮಾನ್ಸೂನ್ ಸ್ಪೆಷಲ್" ಎಂದು ಜುಲೈನಲ್ಲಿ ಪ್ಯಾಕೇಜ್ ಮಾರುವವರಿಗೆ ಅದು ಹೇಗೆ ಮರೆತುಹೋಗುತ್ತದೋ.

ಇನ್ನು ರಾತ್ರಿ. ಬೀಚ್ ಕ್ಯಾಂಪಿಂಗ್ ಎಂದಿದ್ದರು. ಕಡಲಿಗೂ ನಮಗೂ ನಡುವೆ ಒಂದು ರಸ್ತೆ ಮತ್ತು ಒಂದು ಕಾಂಪೌಂಡ್ ಇತ್ತು. ಯಾರದೋ ಖಾಲಿ ಜಾಗ, ಅದರಲ್ಲಿ ಮೂರು ಜನರ ಟೆಂಟಿಗೆ ನಾಲ್ಕು ಜನ. ಕರಾವಳಿಯ ರಾತ್ರಿಯಲ್ಲಿ ನೈಲಾನ್ ಟೆಂಟಿನೊಳಗೆ ಮಲಗುವುದು ಅಂದರೆ ಇಡ್ಲಿ ಪಾತ್ರೆಯೊಳಗೆ ಮಲಗಿದ ಹಾಗೆ. ಇಷ್ಟು ಜನಕ್ಕೆ ಇದ್ದಿದ್ದು ಒಂದೇ ಶೌಚಾಲಯ, ಚಿಲಕ ಸರಿಯಿಲ್ಲ, ಹೊರಗೆ ಒಬ್ಬರು ನಿಂತು ಕಾಯಬೇಕು. ಹುಡುಗಿಯರಿಗೆ ಬಟ್ಟೆ ಬದಲಿಸಲು ಜಾಗ ಕೇಳಿದರೆ ಟೆಂಟಿನಲ್ಲೇ ಅಡ್ಜಸ್ಟ್ ಮಾಡಿ ಎಂದರು. ಕಸದ ಬುಟ್ಟಿ ಇಲ್ಲ. ಕ್ಯಾಂಪ್‌ಫೈರ್ ಅಂದರೆ ಒದ್ದೆ ತೆಂಗಿನ ಸೋಗೆಗೆ ಡೀಸೆಲ್ ಸುರಿದು ಹಚ್ಚಿದ್ದು, ಅರ್ಧ ಗಂಟೆ ಹೊಗೆ. ಅದರ ಪಕ್ಕ ಡಿಜೆ. ಪಕ್ಕದ ಮನೆಯ ಅಜ್ಜ ಒಬ್ಬರು ಬಂದು "ನಮ್ಗೆ ಬೆಳಿಗ್ಗೆ ನಾಕಕ್ಕೆ ಏಳೂಕೆ ಉಂಟು ಮಕ್ಳೆ" ಎಂದು ಹೇಳಿ ಹೋದರು, ನಮ್ಮ ಹುಡುಗರೇ ಹೋಗಿ ಪ್ಲಗ್ ಕಿತ್ತರು. ಡಿಜೆ ಕಂಪನಿಯ ಕಡೆಯವನು ಮುಖ ಊದಿಸಿಕೊಂಡ. ಊಟಕ್ಕೆ ಗೋಬಿ ಮಂಚೂರಿ, ಚಪಾತಿ, ಒಂದು ಪನೀರ್ ಪದಾರ್ಥ. ಕುಮಟಾದಲ್ಲಿ ಕೂತು, ಕಡಲು ಮಗ್ಗುಲಲ್ಲೇ ಇರುವಾಗ, ಮೀನು ತಿನ್ನುವವರಿಗೂ ಗೋಬಿ ಮಂಚೂರಿ! ನನ್ನ ಪ್ರಕಾರ ಈ ಭಾಗವನ್ನು ಪ್ಯಾಕೇಜಿನಿಂದ ತೆಗೆಸಿ. ಅದೇ ದುಡ್ಡಿಗೆ ಕುಮಟಾ ಪೇಟೆಯಲ್ಲಿ ಸಾದಾ ಲಾಡ್ಜ್ ಸಿಗುತ್ತದೆ, ಫ್ಯಾನು ಬಾತ್‌ರೂಮು ಇರುತ್ತದೆ, ರಾತ್ರಿ ಯಾವುದಾದರೂ ಖಾನಾವಳಿಯಲ್ಲಿ ಬಂಗಡೆ ಊಟ ಮಾಡಿ ಮಲಗಬಹುದು.

ಭಾನುವಾರ ಗೈಡ್ ಬದಲಾದರು, ಇವರು ಕಡಲ ಕಡೆಯವರು. ಬೆಳಿಗ್ಗೆ ಬೇಗ ಹೊರಡಿಸಿದರು, ಕಾರಣ ಬಿಸಿಲಷ್ಟೇ ಅಲ್ಲ, ಇಳಿತದ ಹೊತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ದಾರಿಯ ಗುಟ್ಟೇ ಇದು. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಆ ಹೊತ್ತು ದಿನದಿಂದ ದಿನಕ್ಕೆ ಹತ್ತಿರ ಹತ್ತಿರ ಮುಕ್ಕಾಲು ಗಂಟೆಗಿಂತ ತುಸು ಜಾಸ್ತಿಯೇ ಮುಂದೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಎರಡೂ ಜಾಸ್ತಿ. ಇಳಿತದಲ್ಲಿ ಆರಾಮಾಗಿ ದಾಟಿದ ಬಂಡೆ ಸಾಲು ಭರತದ, ಅಂದರೆ ಕಡಲು ಏರಿದ ಹೊತ್ತಿಗೆ ನೀರಿನೊಳಗೆ ಇರುತ್ತದೆ. ಹೋದ ವಾರ ಹತ್ತು ಗಂಟೆಗೆ ದಾಟಿದ್ದೆವು ಅಂತ ಈ ವಾರವೂ ಹತ್ತಕ್ಕೆ ಹೋದರೆ ಆಗದು. ಹೊರಗಿನಿಂದ ಬರುವ ಟ್ರೆಕ್ ಲೀಡರುಗಳಲ್ಲಿ ಎಷ್ಟು ಜನ ಇದನ್ನು ನೋಡಿ ಹೊರಡುತ್ತಾರೋ, ಕೇಳಿ ನೋಡಿ. ಇವತ್ತು ಇಳಿತ ಎಷ್ಟು ಗಂಟೆಗೆ ಎನ್ನುವ ಪ್ರಶ್ನೆಗೆ ಫೋನ್ ನೋಡದೆ ಉತ್ತರ ಕೊಟ್ಟರೆ ಆ ಗೈಡ್ ಜೊತೆ ಧೈರ್ಯವಾಗಿ ಹೋಗಬಹುದು. ನಮ್ಮವರು ಕೊಟ್ಟರು.

ಬಾಡ, ಕಾಗಾಲ ದಾಟುವವರೆಗೆ ಮರಳು, ಗಾಳಿಮರ, ಒಣಹಾಕಿದ ಬಲೆ, ನಾಯಿಗಳು. ಆಮೇಲೆ ಅಘನಾಶಿನಿ ಊರು, ಅಲ್ಲಿಂದ ದೋಣಿಯಲ್ಲಿ ತದಡಿಗೆ. ನನಗೆ ಇಡೀ ಪ್ಯಾಕೇಜಿನಲ್ಲಿ ಅತಿ ಹೆಚ್ಚು ಇಷ್ಟವಾಗಿದ್ದು ಈ ಹೊಳೆ ದಾಟುವ ಸಣ್ಣ ಭಾಗ, ಜಾಹೀರಾತಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಎಲ್ಲೂ ಅಣೆಕಟ್ಟಿಲ್ಲದೆ ಘಟ್ಟದಿಂದ ಇಳಿದು ಬರುವ ಅಘನಾಶಿನಿ ಹೊಳೆ. ಹಿಂದಿನ ದಿನ ಯಾಣದ ಬುಡದಲ್ಲಿ ಕಂಡ ಚಂಡಿಕಾ ಹೊಳೆಯ ನೀರೂ ಬಂದು ಸೇರುವುದು ಇದಕ್ಕೇ. ಹೊಳೆ ಕಡಲು ಸೇರುವ ಈ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿಸಿದರು. ಇಳಿತವಾದ್ದರಿಂದ ಸೊಂಟದ ಮಟ್ಟ ನೀರಿನಲ್ಲಿ ನಿಂತು ಜನ ಬಳಚು, ಅಂದರೆ ಕೆಸರಿನಲ್ಲಿರುವ ತಿನ್ನುವ ಚಿಪ್ಪು, ಹೆಕ್ಕುತ್ತಿದ್ದರು. ಕಾಲಿನಿಂದಲೇ ಕೆಸರು ಕೆದಕಿ, ಬೆರಳಿಗೆ ತಾಗಿದ್ದನ್ನು ಬಗ್ಗಿ ಎತ್ತಿ, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುವುದು, ಒಂದು ಸಲವೂ ಕೆಳಗೆ ನೋಡುವುದಿಲ್ಲ. ಸಾಗರ ಜೀವಶಾಸ್ತ್ರ ಓದುವ ನಮ್ಮವರು ಪುಸ್ತಕದಲ್ಲಿ ಇದರ ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿದ್ದರು, ಸಾರು ಹೇಗೆ ಮಾಡೋದು ಅಂತ ದೋಣಿಯಲ್ಲಿ ಕೂತ ಅಕ್ಕನಿಂದ ಕಲಿತರು.

ಬೇಲೆಕಾನ್ ದಾಟಿ ಪ್ಯಾರಡೈಸ್, ಹಾಫ್ ಮೂನ್, ಓಂ, ಕೂಡ್ಲೆ. ಇಲ್ಲಿ ಗುಡ್ಡ ಹತ್ತಿ ಇಳಿಯುವ ಕೆಲಸ ನಿಜವಾಗಿ ಇದೆ, ಇದನ್ನು ಟ್ರೆಕ್ ಎಂದು ಕರೆದರೆ ನನ್ನ ತಕರಾರಿಲ್ಲ. ಏರು ದೊಡ್ಡದಲ್ಲ. ಕಾಟ ಕೊಡುವುದು ಇಳಿಜಾರು. ಚಿರೆಕಲ್ಲಿನ ಮೇಲೆ ಸಣ್ಣ ಹರಳು, ಅದರ ಮೇಲೆ ಒಣಹುಲ್ಲು, ಬೂಟಿನ ತಳ ಸವೆದಿದ್ದರೆ ಕೂತೇ ಇಳಿಯಬೇಕು. ಒಂದು ಕಡೆ ದಾರಿ ಬಂಡೆಯ ಅಂಚಿನಲ್ಲೇ ಹೋಗುತ್ತದೆ, ಕೆಳಗೆ ಕಡಲು. ಸೆಲ್ಫಿಗೆ ಅಂಚಿಗೆ ಹೋದವನನ್ನು ಗೈಡ್ ಬ್ಯಾಗು ಹಿಡಿದು ಹಿಂದಕ್ಕೆ ಎಳೆದರು. "ತಮ್ಮಾ, ಅಲ್ಲಿ ಪಾಚಿ ಉಂಟು. ಬೂಟ್ ಜಾರ್ತದೆ. ಫೋಟೋ ಇಲ್ಲಿಂದ್ಲೂ ಬರ್ತದೆ." ಅಷ್ಟೇ, ಬೈಗುಳ ಇಲ್ಲ. ನೀರಿಗೆ ಇಳಿಯಲು ಬಿಟ್ಟಿದ್ದು ಜೀವರಕ್ಷಕರು ಇರುವ ಕಡೆ ಮಾತ್ರ, ಅದೂ ಮೊಣಕಾಲಿನವರೆಗೆ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುಳುಗಿದ್ದು ಇಲ್ಲಿನವರ ಮನಸ್ಸಿನಲ್ಲಿ ಇನ್ನೂ ಇದೆ, ಕಡಲು ಗೊತ್ತಿಲ್ಲದ ಊರಿನಿಂದ ಬಂದವರು ಯಾರು ಎಂದು ಇವರು ಬೆಳಿಗ್ಗೆಯೇ ಕೇಳಿ ಇಟ್ಟುಕೊಂಡಿದ್ದರು. ವಿಜಯಪುರದವನ ಕೈಯನ್ನಂತೂ ಬಿಡಲೇ ಇಲ್ಲ.

ಒಂದು ಕೊರತೆ ಇಲ್ಲೂ ಇದೆ. ಇಷ್ಟು ಜನಕ್ಕೆ ಒಬ್ಬರೇ ಗೈಡ್. ಮುಂದಿನವರು ಹಾಫ್ ಮೂನ್ ತಲುಪಿದಾಗ ಕೊನೆಯವರು ಇನ್ನೂ ಹಿಂದಿನ ಗುಡ್ಡದ ಮೇಲಿದ್ದರು, ಅಲ್ಲಿ ಮೊಬೈಲ್ ಸಿಗ್ನಲ್ಲೂ ಸರಿಯಾಗಿ ಸಿಗುವುದಿಲ್ಲ. ಮುಂದೊಬ್ಬರು ಹಿಂದೊಬ್ಬರು ಇರಲೇಬೇಕು, ಹಿಂದೆ ಇರುವವರ ಬ್ಯಾಗಿನಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು. ನಮ್ಮ ಪೆಟ್ಟಿಗೆ ಟೆಂಪೋದಲ್ಲಿತ್ತು, ಟೆಂಪೋ ಗೋಕರ್ಣದಲ್ಲಿತ್ತು. ಬಂಡೆಗೆ ಅಂಟಿದ ಚಿಪ್ಪಿಗೆ ಒಬ್ಬಳ ಪಾದ ಕೊಯ್ದಾಗ ಕಟ್ಟಿದ್ದು ಅವಳದೇ ದುಪಟ್ಟಾ.

ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್ ಬೇರೆ ಕೊಟ್ಟರು, ಹೆಸರು ನಾವೇ ಬರೆದುಕೊಳ್ಳಬೇಕು.

ಮುಂದಿನ ಸಲ ನಾವು ಮಾಡುವುದು ಹೀಗೆ. ಇಬ್ಬರು ಗೈಡುಗಳ ನಂಬರೂ ನಮ್ಮ ಹತ್ತಿರ ಇದೆ, ಊಟದ ಮನೆಯದೂ ಇದೆ. ವಾಹನ ಕುಮಟಾದಲ್ಲೇ ಬಾಡಿಗೆಗೆ ಸಿಗುತ್ತದೆ. ಲೆಕ್ಕ ಹಾಕಿದರೆ ಗೈಡುಗಳಿಗೆ ಕಂಪನಿ ಕೊಡುವುದಕ್ಕಿಂತ ಜಾಸ್ತಿ ಕೊಟ್ಟೂ ತಲೆಗೆ ಐನೂರು ಆರುನೂರು ಉಳಿಯುತ್ತದೆ. ಆದರೆ ಮೊದಲ ಸಲ ಹೋಗುವ ಗುಂಪಿಗೆ, ಈ ಕಡೆ ಯಾರ ಪರಿಚಯವೂ ಇಲ್ಲದವರಿಗೆ, ಪ್ಯಾಕೇಜ್ ಬೇಡ ಎನ್ನಲಾರೆ. ಟೆಂಟು ತೆಗೆಸಿ, ಇನ್ನೊಬ್ಬ ಗೈಡ್ ಹಾಕಿಸಿ, ಅನುಮತಿ ಮತ್ತು ವಿಮೆಯ ಕಾಗದ ಕೈಗೆ ಬಂದ ಮೇಲೆ ಮುಂಗಡ ಕೊಡಿ. ಡಿಸೆಂಬರ್, ಜನವರಿ ಸರಿ. ಮಾರ್ಚ್ ಆದರೆ ಮಧ್ಯಾಹ್ನ ನಡೆಯಲು ಆಗುವುದಿಲ್ಲ. ವಾಪಸ್ ರೈಲಿಗೆ ಹೋಗುವವರು ಒಂದು ಗಮನದಲ್ಲಿಡಿ: ಗೋಕರ್ಣ ರೋಡ್ ಸ್ಟೇಷನ್ ಇರುವುದು ಗೋಕರ್ಣ ಪೇಟೆಯಲ್ಲಲ್ಲ, ಸಾಕಷ್ಟು ದೂರ. ಭಾನುವಾರ ಸಂಜೆ ಆಟೋದವರು ಕೇಳಿದ್ದೇ ರೇಟು, ಟೆಂಪೋದವರೇ ಸ್ಟೇಷನ್‌ವರೆಗೆ ಬಿಡುತ್ತಾರಾ ಎಂದು ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.